ಸೋಮನ ಮುಖ ಯಾರದ್ದು? ಗೋಡೆಗೆ ನೇತುಹಾಕೋ ಮೊದಲು ತಿಳಿದಿರಬೇಕಾದ್ದು

ಕಲಾ ವ್ಯಾಪಾರದಲ್ಲಿ ‘ಏರ್‌ಪೋರ್ಟ್ ಆರ್ಟ್’ ಅನ್ನೋ ಒಂದು ಮಾತಿದೆ. ಆಫ್ರಿಕಾ ನೋಡೋಕೆ ಹೋದ ಪ್ರವಾಸಿಗರು ವಾಪಸ್ ಬರುವಾಗ ಸೂಟ್‌ಕೇಸಿನಲ್ಲಿ ಹಾಕ್ಕೊಂಡು ಬರೋ ಮರದ ಮುಖವಾಡಗಳಿಗೆ ಹೀಗಳೆದು ಇಟ್ಟ ಹೆಸರು ಅದು. ಯಾರೂ ತೊಟ್ಟು ಕುಣಿಯದ, ಯಾವ ಊರಿಗೂ ಸೇರದ, ಮಾರೋಕೆ ಅಂತಲೇ ಕೆತ್ತಿದ ಮುಖಗಳು.

ಬೆಂಗಳೂರು ಗ್ರಾಮಾಂತರದ ಬಗ್ಗೆ ಬರೆಯುವಾಗೆಲ್ಲ ಈ ಮಾತು ನನಗೆ ನೆನಪಾಗುತ್ತೆ. ಯಾಕಂದ್ರೆ ನಮ್ಮ ಏರ್‌ಪೋರ್ಟ್ ಇರೋದು ಈ ಜಿಲ್ಲೆಯ ದೇವನಹಳ್ಳಿಯಲ್ಲಿ. ಈ ಜಿಲ್ಲೆ ಸೇರಿದ ಹಳೇ ಮೈಸೂರು ಸೀಮೆಗೆ ತನ್ನದೇ ಆದ ಮರದ ಮುಖವಾಡವೂ ಇದೆ. ಅದರ ಹೆಸರು ಸೋಮ. ಸಿನಿಮಾ ನೋಡಿ ಕರಾವಳಿಯ ದೈವಗಳ ಬಗ್ಗೆ ಮಾತಾಡೋ ನಮ್ಮ ತಲೆಮಾರಿನ ಬಹಳ ಜನಕ್ಕೆ ಬೆಂಗಳೂರಿನ ಮಗ್ಗುಲಲ್ಲೇ ಇರೋ ಈ ಮುಖದ ಪರಿಚಯ ಇಲ್ಲ. ಹಾಗಾಗಿ ಈ ಬರಹ. ಸೋಮ ಅಂದ್ರೆ ಏನು, ಯಾರು ಹೊರ್ತಾರೆ, ಇಂಥ ಮುಖವಾಡಗಳಿಗೆ ಬೇರೆ ಕಡೆ ಏನಾಯ್ತು, ಕಾನೂನು ಏನು ಹೇಳುತ್ತೆ, ನಾವೇನು ಕೇಳಬೇಕು ಅನ್ನೋದನ್ನ ಒಂದೊಂದಾಗಿ ನೋಡೋಣ.

ಸೋಮ ಅಂದ್ರೆ ಏನು?

ಮರದಲ್ಲಿ ಕೆತ್ತಿ, ಬಣ್ಣ ಹಚ್ಚಿದ, ಮನುಷ್ಯನ ಮುಖಕ್ಕಿಂತ ಎಷ್ಟೋ ದೊಡ್ಡದಾದ ಮುಖವಾಡ. ಅಗಲ ಕಣ್ಣು, ದಪ್ಪ ಮೀಸೆ, ಕೋರೆಹಲ್ಲು. ಮೇಲೆ ನವಿಲುಗರಿ, ಹೂವು, ಬೇವಿನ ಸೊಪ್ಪು, ಬಣ್ಣದ ಬಾವುಟಗಳು. ಕೆಳಗೆ ನೆರಿಗೆ ನೆರಿಗೆಯಾದ ಉಡುಗೆ, ಕೈಯಲ್ಲಿ ಬೆತ್ತ. ಇದನ್ನ ಹೊತ್ತು ಕುಣಿಯೋದೇ ಸೋಮನ ಕುಣಿತ. ಡೋಣು ಅನ್ನೋ ಚರ್ಮವಾದ್ಯ, ಮೌರಿ ಅನ್ನೋ ಊದುವ ವಾದ್ಯ, ಶ್ರುತಿಗೆ ಸದ್ದೆ ಜೊತೆಗಿರುತ್ತವೆ.

ಇಲ್ಲಿ ಸೋಮ ಅಂದ್ರೆ ಗ್ರಾಮದೇವತೆಯ ಬಂಟ, ಕಾವಲಿನವನು. ಅಮ್ಮನ ಉತ್ಸವ ಹೊರಟಾಗ ಜೊತೆಗೆ ಹೊರಡೋನು. ಊರಿಂದ ಊರಿಗೆ ಸೋಮಗಳ ಸಂಖ್ಯೆ, ರೂಪ, ಹೆಸರು ಎಲ್ಲ ಬೇರೆಯಾಗುತ್ತೆ. ಬಣ್ಣದ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿಬರೋ ವಿವರಣೆ ಹೀಗಿದೆ: ಕೆಂಪು ಸೋಮ ಒಲಿದ ದೇವತೆಯದ್ದು, ಹಳದಿ ಅಥವಾ ಕಪ್ಪು ಸೋಮ ಮುನಿದ ದೇವತೆಯದ್ದು. ಕೆಂಪು ಕಂಡ್ರೆ ಕೋಪ ಅಂತ ಓದೋ ನಮ್ಮ ಕಣ್ಣಿಗೆ ಇದು ಉಲ್ಟಾ ಅನ್ನಿಸಬಹುದು. ಮುಖವಾಡ ನೋಡಿದ ತಕ್ಷಣ ಅರ್ಥ ಆಯ್ತು ಅಂದ್ಕೋಬಾರದು ಅನ್ನೋಕೆ ಇದೇ ಸಾಕ್ಷಿ.

ಕುಣಿತದ ಕಾಲ ಶಿವರಾತ್ರಿ ಕಳೆದು ಯುಗಾದಿಯ ಸುತ್ತಮುತ್ತ ಶುರುವಾಗಿ ಬೇಸಿಗೆಯುದ್ದಕ್ಕೂ ನಡೆಯುತ್ತೆ. ಕೆಲವು ಕಡೆ ಮಳೆಗಾಲದವರೆಗೂ ಹೋಗೋದುಂಟು. ಬೆಂಗಳೂರು, ತುಮಕೂರು, ಮಂಡ್ಯ, ಹಾಸನ, ಚಿತ್ರದುರ್ಗದ ಕಡೆ ಇದು ಹೆಚ್ಚು. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರದಲ್ಲಿ ತಿಗಳ ಸಮುದಾಯದ ಕರಗ ಇದಕ್ಕಿಂತ ಹೆಚ್ಚು ಹೆಸರುವಾಸಿ. ಆದ್ರೆ ಕರಗದಲ್ಲಿ ಹೊರೋನ ಮುಖ ಮುಚ್ಚಲ್ಲ. ಸೋಮನಲ್ಲಿ ಹೊರೋನ ಮುಖ ಕಾಣಲ್ಲ. ಆ ಹೊತ್ತಿಗೆ ಅವನು ಇಂಥವರ ಮಗ, ಇಂಥ ಬೀದಿಯವನು ಅಲ್ಲ. ಊರವರ ಪಾಲಿಗೆ ಎದುರಿಗೆ ಇರೋದು ಸೋಮನೇ.

ಯಾರು ಹೊರ್ತಾರೆ?

ಬಹುಪಾಲು ಕಡೆ ಗಂಗಾಮತ ಸಮುದಾಯದವರು. ಕೆರೆ, ಹೊಳೆ, ಮೀನು, ದೋಣಿಯ ಜೊತೆ ಬದುಕಿದ ಜನ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ-1ರಲ್ಲಿದ್ದಾರೆ. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅನ್ನೋ ಅವರ ಬೇಡಿಕೆ ಬಹಳ ಹಳೆಯದು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ‘ನಮ್ಮ ಜಾನಪದ’, ‘ನಮ್ಮ ಸಂಸ್ಕೃತಿ’ ಅನ್ನುವಾಗ ಆ ‘ನಮ್ಮ’ ಒಳಗೆ ಯಾರ ಬೆವರಿದೆ ಅನ್ನೋದು ಮಾಯವಾಗಿಬಿಡುತ್ತೆ. ದಸರಾ ಮೆರವಣಿಗೆಯಲ್ಲೋ, ಸರ್ಕಾರಿ ಉತ್ಸವದಲ್ಲೋ ಸೋಮನ ತಂಡ ಎರಡು ನಿಮಿಷ ಕುಣಿದು ಹೋಗುತ್ತೆ. ಫೋಟೋ ಕೆಳಗೆ ‘ಜಾನಪದ ಕಲಾವಿದರು’ ಅಂತ ಬರೀತಾರೆ. ಅದೇ ಮನುಷ್ಯ ತನ್ನೂರಲ್ಲಿ ಕಲಾವಿದ ಅಲ್ಲ, ಹಕ್ಕುದಾರ. ಅಮ್ಮನ ಉತ್ಸವದಲ್ಲಿ ಸೋಮನನ್ನ ಹೊರೋದು ಅವನ ಮನೆತನದ, ಸಮುದಾಯದ ಪಾಲು. ಜಾತಿಯ ಏಣಿಯಲ್ಲಿ ಕೆಳಗಿಟ್ಟವರು ವರ್ಷಕ್ಕೊಮ್ಮೆ ಊರಿನ ಮುಂದೆ ದೇವತೆಯ ಕಾವಲಾಗಿ ನಿಲ್ಲೋದು ಸಣ್ಣ ವಿಷಯ ಅಲ್ಲ. ಅದರಿಂದ ಏಣಿ ಮುರಿದು ಬೀಳುತ್ತೆ ಅಂತಲೂ ಅಲ್ಲ. ಮಾರನೇ ದಿನ ಏಣಿ ಅಲ್ಲೇ ಇರುತ್ತೆ. ಆದ್ರೂ ಆ ಒಂದು ದಿನದ ಅಧಿಕಾರ ಆ ಮುಖವಾಡದಲ್ಲಿದೆ.

ಮುಖವಾಡಕ್ಕೂ ಒಂದು ಡ್ಯೂಟಿ ಇದೆ

ಇದನ್ನ ಅರ್ಥ ಮಾಡ್ಕೊಳ್ಳೋಕೆ ಪಶ್ಚಿಮ ಆಫ್ರಿಕಾ ಸಹಾಯ ಮಾಡುತ್ತೆ. ಅಲ್ಲಿನ ಮುಖವಾಡಗಳ ಬಗ್ಗೆ ನಮಗೆ ಸಿಗೋ ಚಿತ್ರ ಮ್ಯೂಸಿಯಂನದ್ದು: ಕಪ್ಪು ಹಿನ್ನೆಲೆ, ಮೇಲಿಂದ ಒಂದು ಲೈಟು, ಕೆಳಗೆ ‘ಕಲಾವಿದ: ಅಜ್ಞಾತ’ ಅನ್ನೋ ಚೀಟಿ. ಊರಲ್ಲಿ ಅದರ ಬದುಕೇ ಬೇರೆ.

ಲೈಬೀರಿಯಾ ಮತ್ತು ಐವರಿ ಕೋಸ್ಟ್‌ನ ಡಾನ್ ಜನರಲ್ಲಿ ಒಂದೊಂದು ಮುಖವಾಡಕ್ಕೂ ಒಂದೊಂದು ಕೆಲಸ. ಒಂದು ಜಗಳ ಬಗೆಹರಿಸುತ್ತೆ. ಒಂದು ಓಟದ ಪಂದ್ಯಕ್ಕೆ ಬರುತ್ತೆ. ಇನ್ನೊಂದು ಬೇಸಿಗೆಯ ಒಣಗಾಳಿ ಬೀಸೋ ಹೊತ್ತಲ್ಲಿ ಮನೆಮನೆಗೆ ಹೋಗಿ ಒಲೆಯ ಬೆಂಕಿ ಆರಿಸಿದ್ದಾರಾ ಅಂತ ನೋಡುತ್ತೆ. ಹುಲ್ಲಿನ ಸೂರಿನ ಊರಿಗೆ ಅದೇ ಫೈರ್ ಡಿಪಾರ್ಟ್‌ಮೆಂಟು. ಸಿಯೆರಾ ಲಿಯೋನ್‌ನ ಮೆಂಡೆ ಜನರಲ್ಲಿ ಸಾಂಡೆ ಅನ್ನೋ ಹೆಂಗಸರ ಸಂಘ ಇದೆ. ಅದರ ಕರಿ ಮುಖವಾಡ ‘ಸೋವೆ’ಯನ್ನ ತೊಡೋರು ಹೆಂಗಸರೇ.

ನಮ್ಮ ಸೋಮನಿಗೆ ಇನ್ನೂ ಹತ್ತಿರ ಅನ್ನಿಸೋದು ಗೆಲೆಡೆ. ನೈಜೀರಿಯಾ, ಬೆನಿನ್, ಟೋಗೊ ದೇಶಗಳ ಯೊರುಬಾ-ನಾಗೊ ಸಮುದಾಯಗಳ ಆಚರಣೆ. ಆದಿಮಾತೆಯನ್ನ, ಊರಿನ ಹಿರಿಯ ತಾಯಂದಿರ ಶಕ್ತಿಯನ್ನ ಗೌರವಿಸೋಕೆ ಗಂಡಸರು ಕೆತ್ತಿದ ಮರದ ಮುಖವಾಡ ಹೊತ್ತು ಕುಣೀತಾರೆ. ಸುಗ್ಗಿ ಮುಗಿದ ಮೇಲೆ ಮಾಡ್ತಾರೆ, ಬರ ಬಂದಾಗ ಮಾಡ್ತಾರೆ, ಸಾಂಕ್ರಾಮಿಕ ರೋಗ ಬಂದಾಗಲೂ ಮಾಡ್ತಾರೆ. ಯುನೆಸ್ಕೊ 2001ರಲ್ಲಿ ಇದನ್ನ ಮಾನವಕುಲದ ಮೌಖಿಕ ಪರಂಪರೆ ಅಂತ ಸಾರಿತು, 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ರೋಗ, ಬರ ಅಂದ್ರೆ ಊರಮ್ಮನ ನೆನೆಯೋ ನಮ್ಮ ಹಳ್ಳಿಗಳಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಅವರು ನಮ್ಮಿಂದ ಕಲಿತರು, ನಾವು ಅವರಿಂದ ಕಲಿತೆವು ಅಂತ ನಾನು ಹೇಳ್ತಿಲ್ಲ. ಆ ಥರದ ವಾಟ್ಸಾಪ್ ಇತಿಹಾಸ ಬೇಡ. ಎರಡೂ ಕಡೆ ಒಂದು ವಿಷಯ ಸಮಾನ: ಮುಖವಾಡ ಅನ್ನೋದು ಬರೀ ಮರ ಅಲ್ಲ. ಅದರ ಜೊತೆ ಒಂದು ಊರು, ಒಂದು ದಿನ, ಒಂದು ದಾರಿ, ಒಂದು ಸಮುದಾಯ ಮತ್ತು ಒಂದು ಹಕ್ಕು ಇರುತ್ತೆ. ಎಂಜಿನಿಯರಿಂಗ್ ಓದಿದ ನನ್ನ ಭಾಷೆಯಲ್ಲಿ ಹೇಳೋದಾದ್ರೆ, ಮರದ ಮುಖ ಬರೀ ಹಾರ್ಡ್‌ವೇರ್. ಅದನ್ನ ನಡೆಸೋದು ಊರು.

ಊರಿಂದ ಗಾಜಿನ ಪೆಟ್ಟಿಗೆಗೆ

ಊರು ಕಳಚಿದ ಮೇಲೆ ಮುಖವಾಡಕ್ಕೆ ಬೆಲೆ ಕಟ್ಟೋದು ಶುರುವಾಗುತ್ತೆ. ಪ್ಯಾರಿಸ್‌ನ ಟ್ರೊಕಾಡೆರೊ ಮ್ಯೂಸಿಯಂನಲ್ಲಿ 1907ರಲ್ಲಿ ಪಿಕಾಸೊ ಆಫ್ರಿಕಾದ ಮುಖವಾಡಗಳನ್ನ ನೋಡಿದ. ಅದರ ಪ್ರಭಾವದಿಂದ ಆಧುನಿಕ ಚಿತ್ರಕಲೆಯ ದಿಕ್ಕೇ ಬದಲಾಯ್ತು ಅಂತ ಪುಸ್ತಕಗಳು ಹೇಳುತ್ತವೆ. ಅವು ಅಲ್ಲಿಗೆ ಬಂದದ್ದು ಹೇಗೆ ಅನ್ನೋ ಪ್ರಶ್ನೆ ಜೋರಾಗಿ ಕೇಳಿಸಿದ್ದು ಶತಮಾನದ ನಂತರ. 2018ರಲ್ಲಿ ಫೆಲ್ವಿನ್ ಸಾರ್ ಮತ್ತು ಬೆನೆಡಿಕ್ಟ್ ಸವೊಯ್ ಫ್ರಾನ್ಸ್ ಅಧ್ಯಕ್ಷರಿಗೆ ಕೊಟ್ಟ ವರದಿ ಪ್ರಕಾರ ಪ್ಯಾರಿಸ್‌ನ ಕೆ ಬ್ರಾನ್ಲಿ ಮ್ಯೂಸಿಯಂ ಒಂದರಲ್ಲೇ ಸಹಾರಾ ದಕ್ಷಿಣದ ಆಫ್ರಿಕಾದ ಸುಮಾರು 70,000 ವಸ್ತುಗಳಿವೆ. 2021ರಲ್ಲಿ ಫ್ರಾನ್ಸ್ ಬೆನಿನ್ ದೇಶಕ್ಕೆ 26 ವಸ್ತುಗಳನ್ನ ವಾಪಸ್ ಕೊಟ್ಟಿತು. 70,000 ಎಲ್ಲಿ, 26 ಎಲ್ಲಿ?

ಇನ್ನೊಂದು ಪ್ರಕರಣ ಮಧ್ಯ ಆಫ್ರಿಕಾದ ಗಬೊನ್‌ನದ್ದು. ಅಲ್ಲಿನ ಫಾಂಗ್ ಜನರ ‘ಎನ್‌ಗಿಲ್’ ಮುಖವಾಡ ನ್ಯಾಯ ವಿಚಾರಣೆ ಮಾಡೋ ಗುಪ್ತ ಸಂಘವೊಂದಕ್ಕೆ ಸೇರಿದ್ದು. ವಸಾಹತು ಕಾಲದ ಅಧಿಕಾರಿಯೊಬ್ಬರ ಮೂಲಕ ಫ್ರಾನ್ಸ್ ಸೇರಿತ್ತು. ಆತನ ವಂಶದ ವೃದ್ಧ ದಂಪತಿ 2021ರಲ್ಲಿ ಮನೆ ಖಾಲಿ ಮಾಡುವಾಗ ಅದನ್ನ ಹಳೇ ಸಾಮಾನಿನ ವ್ಯಾಪಾರಿಗೆ 150 ಯೂರೋಗೆ ಮಾರಿದ್ರು. 2022ರ ಮಾರ್ಚ್‌ನಲ್ಲಿ ಮಾಂಪೆಲಿಯೆ ನಗರದ ಹರಾಜಲ್ಲಿ ಅದು 42 ಲಕ್ಷ ಯೂರೋಗೆ ಹೋಯ್ತು. ದಂಪತಿ ಕೋರ್ಟಿಗೆ ಹೋದ್ರು. ಗಬೊನ್ ಸರ್ಕಾರವೂ ಮುಖವಾಡ ನಮ್ಮದು ಅಂತ ಬಂತು. 2023ರ ಡಿಸೆಂಬರ್‌ನಲ್ಲಿ ಕೆಳಕೋರ್ಟು ಇಬ್ಬರ ಅರ್ಜಿಯನ್ನೂ ತಳ್ಳಿಹಾಕಿತು. ಜಗತ್ತಿನ ಮಾಧ್ಯಮಗಳಿಗೆ ಇದು ‘ಮೋಸಹೋದ ಮುದುಕ ಮುದುಕಿ’ಯ ಕಥೆ. ಒಂದು ಕಾಲಕ್ಕೆ ತಾನೇ ನ್ಯಾಯ ಹೇಳ್ತಿದ್ದ ಮುಖವಾಡ ಕೋರ್ಟಿನ ಕಾಗದದಲ್ಲಿ ಒಂದು ಸರಕಾಗಿ ಕೂತಿತ್ತು.

ಇದೆಲ್ಲ ಬಿಳಿಯರ ಪಾಪ, ನಮಗೇನು ಅನ್ನೋ ಹಾಗಿಲ್ಲ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದ ಮರದ ಭೂತಮೂರ್ತಿಗಳನ್ನ ನೋಡಿ. ಕಳೆದ ಶತಮಾನದಲ್ಲಿ ಹಳೇ ಮೂರ್ತಿಗಳು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿದವು. ಊರಲ್ಲಿ ಹೊಸದಾಗಿ ಕೆತ್ತಿಸಿದ ಮೂರ್ತಿಗಳಿಗೆ ಪೂಜೆ ನಡೀತಿದೆ. ಇದನ್ನ ಕಳವು ಅಂತ ಕರೆಯೋದು ತಪ್ಪು. ಮರ ಹುಳ ತಿನ್ನುತ್ತೆ, ಬಿರುಕು ಬಿಡುತ್ತೆ, ಹಳೇದನ್ನ ಬಿಟ್ಟು ಹೊಸದು ಮಾಡಿಸೋದು ಇಂಥ ಆಚರಣೆಗಳಲ್ಲೇ ಇರೋ ಕ್ರಮ. ಮ್ಯೂಸಿಯಂಗೆ ಹೋಗದಿದ್ರೆ ಆ ಹಳೇ ಕೆತ್ತನೆಗಳು ಇವತ್ತು ಉಳೀತಿರಲಿಲ್ಲ ಅನ್ನೋದೂ ನ್ಯಾಯವಾದ ಮಾತೇ. ರಾಮನಗರದ ಜಾನಪದ ಲೋಕದಂಥ ಸಂಸ್ಥೆ ಇಲ್ಲದಿದ್ರೆ ಎಷ್ಟೋ ಮುಖವಾಡಗಳನ್ನ ನಾವು ನೋಡೋಕೇ ಆಗ್ತಿರಲಿಲ್ಲ. ಮೆಕ್ಕೆಕಟ್ಟಿನಲ್ಲಿ ವಸ್ತು ಹೋದ್ರೂ ಊರು ಉಳಿಯಿತು, ಅದಕ್ಕೇ ಹೊಸ ಮೂರ್ತಿ ಹುಟ್ಟಿತು. ಊರೇ ಹೋದ್ರೆ?

ಜಿಲ್ಲೆಯ ಹೆಸರಿಂದ ಬಿದ್ದುಹೋದ ‘ಗ್ರಾಮ’

ಬೆಂಗಳೂರು ಜಿಲ್ಲೆಯನ್ನ ಒಡೆದು 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಮಾಡಿದ್ರು. 2007ರಲ್ಲಿ ರಾಮನಗರ ಬೇರೆಯಾಗಿ ನಾಲ್ಕು ತಾಲ್ಲೂಕು ಉಳಿದವು. 2008ರಲ್ಲಿ ಸುಮಾರು 4,000 ಎಕರೆಯ ವಿಮಾನ ನಿಲ್ದಾಣ ಶುರುವಾಯ್ತು. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ನಡೆದ ಸಂಪುಟ ಸಭೆ ಜಿಲ್ಲೆಯ ಹೆಸರನ್ನ ‘ಬೆಂಗಳೂರು ಉತ್ತರ’ ಅಂತ ಬದಲಿಸೋಕೆ ಒಪ್ಪಿತು. ‘ಗ್ರಾಮಾಂತರ’ ಅಂದ್ರೆ ಹೂಡಿಕೆದಾರರ ಕಿವಿಗೆ ಹಿಂದುಳಿದಂತೆ ಕೇಳುತ್ತೋ ಏನೋ. ಗ್ರಾಮ ಹೋಯ್ತು. ಗ್ರಾಮದೇವತೆಗೆ ಇನ್ನು ಏನಂತ ಕರೆಯೋದು?

ಹೆಸರಿಗಿಂತ ದೊಡ್ಡ ಪ್ರಶ್ನೆ ನೆಲದ್ದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನ ಏರೋಸ್ಪೇಸ್ ಪಾರ್ಕಿಗೆ ಅಂತ ಕೆಐಎಡಿಬಿ ಗುರುತಿಸಿತ್ತು. ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಮೂರು ವರ್ಷ ದಾಟಿ ನಡೆದ ಹೋರಾಟದ ನಂತರ 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ತಾವಾಗಿ ಕೊಡೋಕೆ ಮುಂದೆ ಬಂದವರ ಜಮೀನು ಮಾತ್ರ ತಗೋತೀವಿ ಅಂತು. ಆ ಹೋರಾಟದ ಬಗ್ಗೆ ನಾವು ಮಾತಾಡಿದ್ದೆಲ್ಲ ರಾಗಿ, ದ್ರಾಕ್ಷಿ, ಹಾಲು, ಎಕರೆಗೆ ಎಷ್ಟು ಕೋಟಿ ಅನ್ನೋದರ ಬಗ್ಗೆ. ಅದು ಸರಿಯೇ, ಹೊಟ್ಟೆಯ ಪ್ರಶ್ನೆ ಮೊದಲು. ಆದ್ರೆ ಪರಿಹಾರದ ಲೆಕ್ಕದಲ್ಲಿ ಯಾವತ್ತೂ ಬಾರದ ಒಂದು ಬಾಬ್ತಿದೆ. ಉತ್ಸವ ಹೋಗೋ ದಾರಿ, ಮೆರವಣಿಗೆ ನಿಲ್ಲೋ ಕಟ್ಟೆ, ಹೊರೋ ಹಕ್ಕು. ಇದಕ್ಕೆ ಸರ್ವೆ ನಂಬರ್ ಇಲ್ಲ, ಪಹಣಿ ಇಲ್ಲ.

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮ ಅಧ್ಯಯನ ಕಡ್ಡಾಯ. ಅದರಲ್ಲಿ ಕೆರೆ, ಗೋಮಾಳ, ಶಾಲೆ, ಅಂಗನವಾಡಿ, ಸ್ಮಶಾನದ ಜೊತೆ ಪೂಜಾಸ್ಥಳಗಳನ್ನೂ ನೋಡಬೇಕು ಅಂತ ಬರೆದಿದೆ. ಆದ್ರೆ ಕೆಐಎಡಿಬಿ ಕೆಲಸ ಮಾಡೋದು 1966ರ ತನ್ನದೇ ಕಾಯ್ದೆಯಡಿ. ಅದರಲ್ಲಿ ಇಂಥ ಅಧ್ಯಯನದ ಅಧ್ಯಾಯವೇ ಇಲ್ಲ. ಗುಡಿಯೊಂದನ್ನ ಬಿಟ್ಟು ಸುತ್ತ ಕಾಂಪೌಂಡ್ ಕಟ್ಟಿದ್ರೆ ‘ದೇವಸ್ಥಾನ ಉಳಿಸಿದ್ದೀವಿ’ ಅನ್ನಬಹುದು. ಜನ ಹಂಚಿಹೋದ ಮೇಲೆ ಸೋಮ ಯಾವ ಬೀದಿಯಲ್ಲಿ ಕುಣೀಬೇಕು? ಕಾವಲಿನವನಿಗೆ ಕಾಯೋಕೆ ಊರೇ ಇಲ್ಲದಿದ್ರೆ ಆ ಮುಖವಾಡ ರೆಸಾರ್ಟಿನ ರಿಸೆಪ್ಷನ್ ಗೋಡೆಗೆ ತಲುಪೋಕೆ ಬಹಳ ದಿನ ಬೇಕಿಲ್ಲ. ಅದನ್ನ ಲೂಟಿ ಮಾಡೋಕೆ ಯಾವ ಸೇನೆಯೂ ಬರಬೇಕಾಗಿಲ್ಲ, ಒಂದು ನೋಟಿಫಿಕೇಶನ್ ಸಾಕು.

ಕಾಂತಾರದ ಬೆಳಕು

2022ರಲ್ಲಿ ‘ಕಾಂತಾರ’ ಬಂತು. ಪಂಜುರ್ಲಿಯ ಮುಖ ಇಡೀ ದೇಶಕ್ಕೆ ಪರಿಚಯವಾಯ್ತು. ಅದೇ ಅಕ್ಟೋಬರ್‌ನಲ್ಲಿ ಆಗಿನ ರಾಜ್ಯ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಒಳ್ಳೇದೇ. ಆದ್ರೆ ಒಂದು ಸಿನಿಮಾ ಗೆಲ್ಲೋವರೆಗೆ ಕಾಯಬೇಕಾದ್ದು ಯಾಕೆ? ಬೆಳಕು ಬಿದ್ದ ಕಡೆ ಮಾತ್ರ ನೋಡೋ ಸರ್ಕಾರಕ್ಕೆ ಬಯಲುಸೀಮೆಯ ಸೋಮ ಕಾಣಬೇಕಾದ್ರೆ ಅವನಿಗೂ ಒಂದು ಬ್ಲಾಕ್‌ಬಸ್ಟರ್ ಬೇಕಾ? ಸಿನಿಮಾ ನಂತರ ದೈವದ ವೇಷ ಹಾಕಿ ರೀಲ್ಸ್ ಮಾಡೋರಿಗೆ ಕರಾವಳಿಯ ಜನ ವಿರೋಧ ಮಾಡಿದ್ದೂ ನೆನಪಿರಲಿ. ನೋಡೋಕೆ ಸಿಗೋದು ಬೇರೆ, ತೊಡೋ ಹಕ್ಕು ಬೇರೆ ಅನ್ನೋದೇ ಅವರ ವಾದದ ತಿರುಳು.

ಕಾನೂನು ಏನು ಹೇಳುತ್ತೆ?

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕೆತ್ತನೆ ಪ್ರಾಚ್ಯವಸ್ತು. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆ ಬಿಟ್ಟು ಬೇರೆ ಯಾರೂ ಅದನ್ನ ದೇಶದಿಂದ ಹೊರಗೆ ಸಾಗಿಸುವ ಹಾಗಿಲ್ಲ. ಸಾಗಿಸಿದ್ರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು. ಕಳವಾದ ಸಾಂಸ್ಕೃತಿಕ ವಸ್ತುಗಳ ಬಗ್ಗೆ ಯುನೆಸ್ಕೊದ 1970ರ ಒಪ್ಪಂದಕ್ಕೆ ಭಾರತ 1977ರಲ್ಲೇ ಸೇರಿದೆ.

ತೊಡಕು ಇರೋದು ಇಲ್ಲಿ: ಸೋಮ ಬಳಕೆಯ ವಸ್ತು. ಬಣ್ಣ ಹೋದ್ರೆ ಬಣ್ಣ ಬಳೀತಾರೆ, ಒಡೆದ್ರೆ ಹೊಸದು ಕೆತ್ತಿಸ್ತಾರೆ. ಅದಕ್ಕೆ 90 ವರ್ಷವೋ 110 ವರ್ಷವೋ ಯಾರು ಹೇಳೋದು? 30 ವರ್ಷದ ಸೋಮನನ್ನ ಯಾರಾದ್ರೂ ಮಾರಿದ್ರೆ ಈ ಕಾಯ್ದೆ ಸುಮ್ಮನಿರುತ್ತೆ. ಕಳವಾಯ್ತು ಅಂತ ಪೊಲೀಸ್ ದೂರು ಕೊಡಬಹುದು, ಆದ್ರೆ ಕಳವಾದದ್ದು ಇದೇ ಅಂತ ತೋರಿಸೋಕೆ ಒಂದು ನೆಟ್ಟಗಿನ ಫೋಟೋ, ಒಂದು ಅಳತೆ ಬೇಕು. ಕಾನೂನು ವಯಸ್ಸು ಕೇಳುತ್ತೆ. ಊರು ಕೇಳೋದು ಹಕ್ಕನ್ನ. ಎರಡರ ನಡುವೆ ಮುಖವಾಡ ಜಾರಿಹೋಗುತ್ತೆ.

ಹಾಗಾದ್ರೆ ಏನು ಮಾಡೋದು?

ಒಂದು, ದಾಖಲೆ. ಕದ್ದ ಕಲಾವಸ್ತು ಪತ್ತೆಗೆ ಜಗತ್ತಿನ ಪೊಲೀಸರೂ ಮ್ಯೂಸಿಯಂಗಳೂ ಬಳಸೋ ‘ಆಬ್ಜೆಕ್ಟ್ ಐಡಿ’ ಅನ್ನೋ ಸರಳ ನಮೂನೆ ಇದೆ. ಫೋಟೋ, ಯಾವ ವಸ್ತು, ಯಾವ ಮರ, ಅಳತೆ, ಬರಹ ಅಥವಾ ಗುರುತು, ಬಿರುಕು-ರಿಪೇರಿಯಂಥ ವಿಶೇಷ ಲಕ್ಷಣ, ಕಾಲ, ಮಾಡಿದವರು ಯಾರು. ಒಂದು ಫೋನು, ಒಂದು ಟೇಪು ಇದ್ರೆ ಅರ್ಧ ದಿನದ ಕೆಲಸ. ಊರಿನ ಹುಡುಗ ಹುಡುಗಿಯರೇ ಮಾಡಬಹುದು. ಮೊದಲು ಹೊರೋ ಮನೆಯವರ ಒಪ್ಪಿಗೆ ಕೇಳಿ. ಬೇಡ ಅಂದ್ರೆ ಬೇಡ. ದಾಖಲೆ ಊರಲ್ಲೇ ಇರಲಿ. ಯಾವ ಗುಡಿಯಲ್ಲಿ, ಯಾವ ಪೆಟ್ಟಿಗೆಯಲ್ಲಿ ಇದೆ ಅಂತ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ರೆ ಕಳ್ಳನಿಗೆ ನೀವೇ ದಾರಿ ತೋರಿಸಿದ ಹಾಗೆ.

ಎರಡು, ಹೆಸರು. ಮ್ಯೂಸಿಯಂ ಚೀಟಿಯಲ್ಲಿ ‘ಅಜ್ಞಾತ’ ಅಂತ ಬರೋದು ಕಲಾವಿದನಿಗೆ ಹೆಸರಿರಲಿಲ್ಲ ಅಂತಲ್ಲ, ತಗೊಂಡೋರು ಕೇಳಲಿಲ್ಲ ಅಂತ. ಕೆತ್ತಿದವರ, ಹೊತ್ತವರ, ವಾದ್ಯದವರ ಹೆಸರನ್ನ ಈಗಲೇ ಬರೆದಿಡಬೇಕು. ಸರ್ಕಾರಿ ಉತ್ಸವದ ಫೋಟೋ ಕೆಳಗೂ ಅವರ ಹೆಸರು, ಊರು ಬರಬೇಕು.

ಮೂರು, ಕೊಳ್ಳೋರು ಕೇಳಬೇಕಾದ ಪ್ರಶ್ನೆ. ಅಲಂಕಾರಕ್ಕೆ ಅಂತಲೇ ಹೊಸದಾಗಿ ಕೆತ್ತಿದ ಮುಖವಾಡ ಕೊಳ್ಳೋದರಲ್ಲಿ ತಪ್ಪಿಲ್ಲ. ಕೆತ್ತೋರಿಗೆ ಅದು ಅನ್ನ. ‘ಹಳೇದು ಸಾರ್, ಪೂಜೆಯಲ್ಲಿ ಇದ್ದದ್ದು’ ಅಂತ ಬೆಲೆ ಏರಿಸಿದ್ರೆ ಮಾತ್ರ ಎಚ್ಚರ. ಯಾವ ಊರದ್ದು, ಯಾರು ಕೊಟ್ರು, ಯಾಕೆ ಕೊಟ್ರು ಅನ್ನೋದಕ್ಕೆ ಉತ್ತರ ಇಲ್ಲ ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ನಾಲ್ಕು, ರಾಜಕೀಯ ಬೇಡಿಕೆ. ಕೆಐಎಡಿಬಿ ಭೂಸ್ವಾಧೀನಕ್ಕೂ ಸಾಮಾಜಿಕ ಪರಿಣಾಮ ಅಧ್ಯಯನ ಕಡ್ಡಾಯ ಆಗಬೇಕು. ಅದರಲ್ಲಿ ಗುಡಿಯ ಕಟ್ಟಡದ ಜೊತೆ ಜಾತ್ರೆಯ ದಾರಿ, ಕಟ್ಟೆ, ಸಮುದಾಯದ ಆಚರಣೆಯ ಹಕ್ಕು ಎಲ್ಲ ಲೆಕ್ಕಕ್ಕೆ ಬರಬೇಕು. ಇದನ್ನ ಕೇಳೋಕೆ ದೈವಭಕ್ತರೇ ಆಗಬೇಕಾಗಿಲ್ಲ. ನಾನೂ ಭಕ್ತಿಯಿಂದ ಕೇಳ್ತಿಲ್ಲ. ಹಿಂದುಳಿದ ಸಮುದಾಯವೊಂದರ ಕೈಯಲ್ಲಿರೋ ಹಕ್ಕು ಅನ್ನೋ ಕಾರಣಕ್ಕೆ ಕೇಳ್ತಿದ್ದೀನಿ.

ಬ್ರಿಟನ್ನಿಗೆ, ಫ್ರಾನ್ಸಿಗೆ ‘ವಾಪಸ್ ಕೊಡಿ’ ಅಂತ ಆಫ್ರಿಕಾದ ದೇಶಗಳು ಕೇಳುವಾಗ ನಾವು ಚಪ್ಪಾಳೆ ಹೊಡೀತೀವಿ, ಸರಿಯೇ. ಆದ್ರೆ ವಾಪಸ್ ಕೊಡೋಕೂ ಒಂದು ವಿಳಾಸ ಬೇಕು. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲದ ಹಳ್ಳಿಗಳಿಗೆ ಆ ವಿಳಾಸ ಇವತ್ತಿಗೂ ಇದೆ. ಅದನ್ನ ಉಳಿಸಿಕೊಳ್ಳೋಕೆ ಯಾವ ದೇಶದ ಮ್ಯೂಸಿಯಂ ಮುಂದೆಯೂ ನಿಲ್ಲಬೇಕಾಗಿಲ್ಲ. ವಿಧಾನಸೌಧದ ಮುಂದೆ ನಿಂತ್ರೆ ಸಾಕು.